ಹಾನಗಲ್ಲಿನಿಂದ ಬಾರದ ಹಸಿರು ಚೌಕಗಳು

ಸವಣೂರು
೨೨ ಜುಲೈ ೨೦೨೫, ಮಂಗಳವಾರ

ಪ್ರೀತಿಯ ಮಗಳು ತನುಜಾಳಿಗೆ,

ನಿನ್ನ ಅವ್ವ ಸಿದ್ದವ್ವ ಮಾಡುವ ಆಶೀರ್ವಾದ. ನೀನು, ಅಳಿಯ ಕನಕಪ್ಪ ಇಬ್ಬರೂ ಆರಾಮ ಇದ್ದೀರಿ ತಾನೆ? ನಿನ್ನ ನೆಗಡಿ ಕಡಿಮೆಯಾಯಿತೇ? ಒದ್ದೆ ಕೂದಲು ಕಟ್ಟಿಕೊಂಡು ಪಾಠ ಹೇಳಲು ಶಾಲೆಗೆ ಓಡಬೇಡ ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಇಲ್ಲಿ ನಾನು ಆರಾಮ, ನಿನ್ನ ಅಣ್ಣ ಪ್ರಶಾಂತನೂ ಆರಾಮ. ನಿನ್ನಪ್ಪ ಮಾತ್ರ ಆರಾಮಿಲ್ಲ. ಜ್ವರ ಗಿರ ಏನೂ ಇಲ್ಲ, ಗಾಬರಿಯಾಗದೆ ಓದು.

ನಿನ್ನ ಫೋನು ನೀರಿನ ಹಂಡೆಗೆ ಬಿದ್ದು ಕೆಟ್ಟ ಸುದ್ದಿಯನ್ನು ನಮ್ಮ ಓಣಿಯ ದಾವಲಬಿ ಹೇಳಿದಳು. ಅವಳು ವೀಳ್ಯದೆಲೆ ಮಾರಲು ಹಾನಗಲ್ಲಿಗೆ ಬರುವುದರಿಂದ ನನಗೆ ನಿನ್ನ ವಿಚಾರ ಸಿಗುತ್ತದೆ, ಈ ಪತ್ರವೂ ಅವಳ ಎಲೆಬುಟ್ಟಿಯಲ್ಲೇ ಬರುತ್ತಿದೆ. ಕನಕಪ್ಪನ ಫೋನಿಗೆ ಮಾಡಬಹುದಿತ್ತು. ಆದರೆ ನಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಪಡಸಾಲೆಗೆ ಕೇಳುತ್ತದೆ, ಪಡಸಾಲೆಯಲ್ಲಿ ಯಾರು ಕೂತಿರುತ್ತಾರೆ ಎಂದು ನಿನಗೆ ಗೊತ್ತೇ ಇದೆ.

ನಿನ್ನಪ್ಪನ ಐದಕ್ಷರದ ಆಟದ ಹುಚ್ಚು ಇನ್ನೂ ಹಾಗೇ ಇದೆ. ಸ್ನಾನ, ವಿಭೂತಿ, ಪೂಜೆ ಮುಗಿಸಿ ಫೋನು ಹಿಡಿದರೆ, ಅದರಲ್ಲಿ ದಿನಕ್ಕೊಂದರಂತೆ ಎಲ್ಲರಿಗೂ ಅಡಗಿಸಿಟ್ಟ ಐದಕ್ಷರದ ಇಂಗ್ಲಿಷ್ ಪದ ಸಿಗುವವರೆಗೆ ಚಹಾ ಕೂಡ ಬೇಡ. ಅಕ್ಷರ ಸರಿಯಾದ ಜಾಗದಲ್ಲಿ ಕೂತರೆ ಹಸಿರು ಚೌಕ, ಜಾಗ ತಪ್ಪಿದರೆ ಹಳದಿ ಎಂದು ನನಗೂ ಈಗ ಬಾಯಿಪಾಠವಾಗಿದೆ. ಇವರು ಊಹಿಸಿ ಹಾಕುವ ಮೊದಲ ಪದ ಇವತ್ತಿಗೂ ‘ಟ್ರೇನ್’. ನೀನು ಸಣ್ಣವಳಿದ್ದಾಗ ಯಲವಿಗಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಾ, “ಐದಕ್ಷರ, ಒಳಗ ಆರ್ ಇರಬೇಕು, ಎನ್ ಇರಬೇಕು, ಹೇಳವಾ” ಎಂದು ಇವರು ಕೇಳುತ್ತಿದ್ದರು. ನೀನು ಗಾಡಿ ಬರುವುದನ್ನು ನೋಡಿ “ಟ್ರೇನ್!” ಎಂದು ಕಿರುಚಿದೆ. “ವಿಚಾರ ಮಾಡಿ ಹೇಳಲಿಲ್ಲ ನೀ” ಎಂದು ಬೈದರು, ಗಾಡಿಯಲ್ಲಿದ್ದವರಿಗೆಲ್ಲ ಹೇಳಿಕೊಂಡು ಮೆರೆದರು. ಎಷ್ಟು ಮೆಚ್ಚಿಕೊಂಡಿದ್ದರು ನಿನ್ನನ್ನು!

ಅಂಥ ಅಪ್ಪ, ಗೊಟಗೋಡಿಯ ಯೂನಿವರ್ಸಿಟಿಯಲ್ಲಿ ನಿನ್ನ ಜೊತೆಗೆ ಓದಿದ ಕನಕಪ್ಪನನ್ನು ನೀನು ಮದುವೆಯಾದಾಗ, ಜಾತಿ ಬೇರೆ ಎಂಬ ಒಂದೇ ಮಾತು ಹಿಡಿದು ನಿನ್ನ ಜೊತೆ ಮಾತು ಬಿಟ್ಟರು. ಎರಡು ನಾಗರಪಂಚಮಿ ಕಳೆದವು, ಹಬ್ಬಕ್ಕೆ ನಿನ್ನನ್ನು ತವರಿಗೆ ಕರೆತರಲು ಪ್ರಶಾಂತನನ್ನು ಕಳಿಸಲಿಲ್ಲ. ಆದರೆ ದಿನಾ ಆಟ ಮುಗಿಸಿ ಎಲ್ಲರೂ ತಮ್ಮ ಚೌಕ ಹಾಕುವ ಮನೆಯ ವಾಟ್ಸಾಪ್ ಗ್ರೂಪಿನಿಂದ ನಿನ್ನನ್ನು ತೆಗೆಯಲೂ ಇಲ್ಲ, ನೀನೂ ಹಾಕುವುದು ಬಿಡಲಿಲ್ಲ. ಕೇಳಿದರೆ “ತಗಿಯೂದು ಹೆಂಗಂತ ನನಗ ತಿಳ್ಯಾಂಗಿಲ್ಲ” ಅಂದರು. ಫೋನಿನಲ್ಲಿ ಮಿಕ್ಕದ್ದೆಲ್ಲ ತಿಳಿಯುತ್ತದೆ!

ಹೋದ ಮಂಗಳವಾರ ನಿನ್ನ ಚೌಕ ಬರಲಿಲ್ಲ. ಸಿಗ್ನಲ್ ಇಲ್ಲವೇನೋ ಎಂದು ಇವರು ಫೋನನ್ನು ಕಿಟಕಿಗೆ ಹಿಡಿದರು, ಮಾಳಿಗೆಗೆ ಒಯ್ದರು. ಮರುದಿನ ಊಟಕ್ಕೆ ಕೂತಾಗ ಪ್ರಶಾಂತ ಎಂದಿನ ಹಾಗೆ ಅವತ್ತಿನ ಪದ ಹೇಳಹೋದ. “ಬಾಯಿ ಮುಚ್ಚು, ಹಾನಗಲ್ಲದ್ದು ಇನ್ನೂ ಬಂದಿಲ್ಲ” ಎಂದು ಗದರಿದರು. ಎಲ್ಲರದೂ ಬರುವವರೆಗೆ ಯಾರೂ ಪದ ಬಾಯಿಬಿಡಬಾರದು ಎನ್ನುವುದು ಅವರದೇ ಕಾನೂನು ತಾನೆ? ಆ ಎಲ್ಲರಲ್ಲಿ ನೀನೂ ಇದ್ದೀಯ ಎಂದು ನನಗೆ ಅವತ್ತೇ ಖಾತ್ರಿಯಾಯಿತು. ಫೋನು ಕೆಟ್ಟ ಸುದ್ದಿಯನ್ನು ಇವರಿಗೆ ಬೇಕೆಂದೇ ಹೇಳಲಿಲ್ಲ. ಪ್ರಶಾಂತನಿಗೂ ಕಣ್ಸನ್ನೆ ಮಾಡಿದೆ.

ಶನಿವಾರ ಅಂಗಡಿಯ ಹಿರೇಕೆರೂರಿನ ಗಿರಾಕಿಯನ್ನು ನೋಡಿ ಬರುತ್ತೇನೆ ಎಂದು ಹೋದವರು ಸಂಜೆ ಬಂದು, ಚಪ್ಪಲಿ ಕಳಚದೆ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ನೀರು ಕೊಟ್ಟೆ. “ಹಾನಗಲ್ಲಿಗೆ ಹೋಗಿದ್ದೆ. ಆಕಿ ಓಣಿತನಕಾ ಹೋಗಿದ್ದೆ. ಗಿರಣಿಯಾಗ ಕೇಳಿದೆ, ಟೀಚರ್ ಆರಾಮ ಅದಾರ ಅಂದ್ರು” ಎಂದರು. “ಮತ್ತ ಒಳಗ ಯಾಕ ಹೋಗಲಿಲ್ರಿ?” ಎಂದೆ. ಸಿಡುಕಿ ಬಿದ್ದರು. “ಮೊದಲನೇ ಸಲ ಮಗಳ ಮನಿಗೆ ಬರಿಗೈಲೆ ಹೋಗಾಕ ಬರ್ತೈತೇನ? ಉಡಿ ತುಂಬಾಕ ಹಿಡಿ ಅಕ್ಕಿ ಇಲ್ಲ, ಒಂದ ಕಾಯಿ ಇಲ್ಲ, ಕುಬಸದ ಕಣ ಇಲ್ಲ!” ಇಷ್ಟು ವರ್ಷ ಅರಿವೆ ಅಂಗಡಿ ನಡೆಸಿದ ಮನುಷ್ಯ, ತನುಜಾ, ಗಾಬರಿಯಲ್ಲಿ ರವಿಕೆಗೆ ಆಗುವಷ್ಟು ಒಂದು ತುಂಡು ಬಟ್ಟೆಯನ್ನೂ ಹಿಡಿಯದೆ ಹೋಗಿದ್ದರು. ಆಮೇಲೆ ಚಪ್ಪಲಿ ಕಳಚುತ್ತಾ ಮೆಲ್ಲಗೆ ಹೇಳಿದರು: “ಆರಾಮ ಇದ್ದೂ ಚೌಕ ಹಾಕವಲ್ಲಳಂದ್ರ, ಆಕಿ ನನ್ನ ಕೂಡ ಆಟಾನೂ ಬಿಟ್ಟಾಳ.” ನಿಜ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ನಿನ್ನೆ ಅಂಗಡಿಯ ಮೇಲಿನ ಹಲಗೆಯಿಂದ ಇಳಕಲ್ ಸೀರೆಗಳನ್ನೆಲ್ಲ ಇಳಿಸಿ ಹರವಿಕೊಂಡು ಕೂತಿದ್ದರು. ಹಸಿರು ಸೀರೆಯೊಂದನ್ನು ಬೇರೆ ಇಟ್ಟಿದ್ದಾರೆ. ಪಂಚಮಿಗೆ ಶೇಂಗಾ ಉಂಡಿ ಹೆಚ್ಚು ಮಾಡು, ಆಕಿಗೆ ರವೆ ಉಂಡಿ ಸೇರುವುದಿಲ್ಲ ಎಂದು ನನಗೇ ಹೇಳಿಕೊಟ್ಟರು. ಆಮೇಲೆ ಶರ್ಟಿನ ಬಟ್ಟೆಯೊಂದನ್ನು ಪ್ರಶಾಂತನ ಹೆಗಲಿಗೆ ಹಿಡಿದು ನೋಡಿ, “ಅವಾ ಇವನಕಿಂತ ಎತ್ತರ ಅದಾನೇನ?” ಎಂದು ಕೇಳಿದರು. ಯಾರು ಎಂದು ನಾನು ಕೇಳಲಿಲ್ಲ, ಒಂದು ಗೇಣು ಎತ್ತರ ಎಂದೆ. ಕಣ್ಣಲ್ಲಿ ನೀರು ಬಂದವು ನನಗೆ, ಒಳಗೆ ಹೋಗಿ ಶೇಂಗಾ ಹುರಿದೆ.

ಕನಕಪ್ಪನಿಗೆ ನನ್ನ ಆಶೀರ್ವಾದ ತಿಳಿಸು. ನಿಮ್ಮಿಬ್ಬರ ಮನೆ ತಂಪಾಗಿರಲಿ, ಹೊಟ್ಟೆ ತುಂಬಾ ಉಣ್ಣಿರಿ.

ನಿನ್ನ ಅವ್ವ,
ಸಿದ್ದವ್ವ

ತಾ.ಕ.: ದಾವಲಬಿ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ಈ ಭಾನುವಾರ ನಿನ್ನನ್ನು ಪಂಚಮಿಗೆ ಕರೆಯಲು ಇವರೇ ಬರುತ್ತಾರೆ, ಪ್ರಶಾಂತನಲ್ಲ. ನಾನು ಹೇಳಿದ್ದು ಗೊತ್ತಾಗಬಾರದು. ಮತ್ತೆ ಮುಖ್ಯವಾಗಿ, ಫೋನು ರಿಪೇರಿಯಾಗಿ ಬಂದಿದ್ದರೂ ಅಲ್ಲಿಯವರೆಗೆ ಚೌಕ ಹಾಕಬೇಡ. ಅವನ್ನು ಕಂಡರೆ ಇವರ ಜೀವ ತಣ್ಣಗಾಗಿ, ಸೀರೆಯನ್ನು ಮತ್ತೆ ಹಲಗೆಗೆ ಸೇರಿಸಿ, ಚಹಾ ತಾ ಎಂದು ಕೂತುಬಿಡುತ್ತಾರೆ.