ಬೇಸಿಗೆಯ ಹಿಟ್ಟಿಗೆ ನಿನ್ನ ಕೈ

ನನ್ನ ಅತ್ತಿಗೆಗೆ,

ಎರಡು ತಿಂಗಳ ಹಿಂದೆ ಒಂದು ಬೆಳಗಿನ ಜಾವ ನೀನು ಕನಸಿಗೆ ಬಂದಿದ್ದೆ. ಅದೇ ವಡಪಳನಿ ಮನೆ, ಅದೇ ಅಡುಗೆಕೋಣೆ, ಅದೇ ಕಲಾಯಿ ಹಾಕಿದ ದೊಡ್ಡ ಪಾತ್ರೆ. ನೀನು ಮೊಣಕೈವರೆಗೆ ಇಡ್ಲಿ ಹಿಟ್ಟಿನಲ್ಲಿ ಕೈ ಮುಳುಗಿಸಿಕೊಂಡು ಕೂತಿದ್ದೆ. ನಾನು "ಸಾಕು, ತೆಗಿ" ಅಂದರೆ ನೀನು ಸುಮ್ಮನೆ ನಗುತ್ತಿದ್ದೆ. ನಾನೇ ಹಿಡಿದು ಎಳೆದೆ. ಹಿಟ್ಟಿನಿಂದ ಹೊರಗೆ ಬಂದ ಕೈ ನಿನ್ನದಲ್ಲ ಅತ್ತಿಗೆ, ಶಾರದಾಳದ್ದು. ಉಗುರೆಲ್ಲ ಬಿಳಿಚಿಕೊಂಡು, ಕೊರೆಯುವಷ್ಟು ತಣ್ಣಗೆ. ಕಿರುಚಿಕೊಂಡು ಎದ್ದೆ. ಪಕ್ಕದಲ್ಲಿ ಮಲಗಿದ್ದವಳ ಕಾಲು ಮುಟ್ಟಿ ನೋಡಿದರೆ ಅದೂ ತಣ್ಣಗೇ. ಮದ್ರಾಸಿನ ಮೇ ತಿಂಗಳು! ಗೋಡೆಯೂ ಬೆವರುವ ಕಾಲ. ನನ್ನ ಎದೆ ಹೇಗೆ ಹೊಡೆದುಕೊಂಡಿರಬೇಡ ನೀನೇ ಹೇಳು.

ಶಾರದಾ ಅಂದರೆ ಯಾರೆಂದು ನಿನಗೆ ಗೊತ್ತಿಲ್ಲ ಅಲ್ದಾ? ನನ್ನ ಮಗಳು. ನೀನು ಹೋದ ಮೇಲೆ ನನ್ನ ಮದುವೆಯಾಯ್ತು, ಮರುವರ್ಷ ಇವಳು ಹುಟ್ಟಿದಳು, ಹಟ ಹಿಡಿದು ನಿನ್ನ ಹೆಸರೇ ಇಟ್ಟೆ. ಈಗ ಹೈಸ್ಕೂಲು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ವರ್ಷದಿಂದ ಅವಳ ಕೈಕಾಲು ತಣ್ಣಗಿರುತ್ತದೆ. ಹೆಸರಿನ ಜೊತೆಗೆ ನಿನ್ನ ಕೈಯೂ ಬಂತೋ ಏನೋ ಅಂತ ನಾನು ಒಳಗೊಳಗೇ ಬೆಂದುಹೋಗಿದ್ದೆ. ಕನಸು ಬಿದ್ದ ಮೇಲೆ ತಡೆಯಲಾಗಲಿಲ್ಲ.

ನಾನು ಮೊದಲ ಸಲ ನಿನ್ನ ಕೈ ಮುಟ್ಟಿದ್ದು ಮದ್ರಾಸಿನ ರೈಲ್ವೆ ಸ್ಟೇಷನ್ನಿನಲ್ಲಿ. ಅಮ್ಮ ತೀರಿಕೊಂಡು, ನಾಲ್ಕನೇ ಕ್ಲಾಸು ಅರ್ಧಕ್ಕೇ ಬಿಟ್ಟು, ಅಣ್ಣನ ಹಿಂದೆ ಉಡುಪಿಯಿಂದ ಬಂದಿದ್ದೆ. ರೈಲಿನಲ್ಲೇ ಜ್ವರ. ನೀನು ಹಣೆ ಮೇಲೆ ಕೈ ಇಟ್ಟೆ. ಬಾವಿಯಿಂದ ಆಗ ಸೇದಿದ ನೀರಿನ ಹಾಗಿತ್ತು. "ತೆಗೀಬೇಡ" ಅಂದೆನಂತೆ. ಮನೆ ಮುಟ್ಟುವವರೆಗೂ ಜಟಕಾದಲ್ಲಿ ನೀನು ಕೈ ತೆಗೆಯಲಿಲ್ಲ. ಇಲ್ಲಿಯ ತಮಿಳು ಶಾಲೆ ನನಗೆ ಹತ್ತಲಿಲ್ಲ, ಬಿಟ್ಟೆ. ರಂಗೋಲಿ ಹಿಟ್ಟಿನಲ್ಲಿ ನೆಲದ ಮೇಲೆ ಕನ್ನಡ ಅಕ್ಷರ ತಿದ್ದಿಸಿದವಳು ನೀನೇ. ಈ ಕಾಗದದಲ್ಲಿ ತಪ್ಪಿದ್ದರೆ ನಗಬೇಡ.

ಮೇ ತಿಂಗಳ ಆ ಉರಿ, ಇಲ್ಲಿಯವರು ಹೇಳುವ ಕತ್ತಿರಿ ಬಿಸಿಲು, ನೆನಪಿದೆಯಾ? ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ನೆಲಕ್ಕೆ ಹರಿದು, ಇಡ್ಲಿ ಬಾಯಿಗೆ ಇಡಲಾಗದಷ್ಟು ಹುಳಿ. ಅಣ್ಣ ನಡೆಸುತ್ತಿದ್ದ ಊಟದ ಮನೆಗೆ ಬರುವವರೆಲ್ಲ ಸಿನಿಮಾ ಸ್ಟುಡಿಯೋದ ಕೆಲಸದವರು, ಹುಳಿ ಇಡ್ಲಿ ತಿಂದು ಸುಮ್ಮನಿರುವ ಜನವೇ? ಒಂದು ದಿನ ನೀನು ಉಪ್ಪು ಹಾಕಿ ಕಲಸಿದ ಹಿಟ್ಟು ಹುಳಿಯಾಗಲಿಲ್ಲ. ಅಷ್ಟೇ. ಅಣ್ಣ ಕಾನೂನು ಮಾಡಿಬಿಟ್ಟ: "ಬೇಸಿಗೆಯಲ್ಲಿ ಹಿಟ್ಟಿಗೆ ಇವಳದೇ ಕೈ. ಚಳಿಗಾಲದಲ್ಲಿ ಇವಳು ಮುಟ್ಟುವ ಹಾಗಿಲ್ಲ, ಹಿಟ್ಟು ಏಳೂದಿಲ್ಲ. ಆಗ ಪುಟ್ಟಿ ಕಲಸಲಿ." ಪುಟ್ಟಿ ಅಂದರೆ ನಾನು. ಹೀಗೆ ಮನೆಯಲ್ಲಿ ಎರಡು ಕೈಗೆ ಎರಡು ಕಾಲ ಹಂಚಿಕೆಯಾಯ್ತು. ಊರಿನಿಂದ ಬಂದವರಿಗೆಲ್ಲ ಅಣ್ಣ ನಿನ್ನ ಕೈ ತೋರಿಸಿ ಹೇಳುವನು, "ಐಸ್ ಪೆಟ್ಟಿಗೆ ಎಂತಕ್ಕೆ ಮಾರಾಯ್ರೆ, ನಮ್ಮ ಮನೆಯಲ್ಲೇ ಉಂಟಲ್ಲ!" ನೀನೂ ನಗುತ್ತಿದ್ದೆ. ನಿನಗೂ ಅದು ಹೆಮ್ಮೆಯಾಗಿತ್ತು, ಅಲ್ದಾ? ಅಥವಾ…

ಪಕ್ಕದ ಮನೆಯ ಟೈಲರ್ ಕಣ್ಣನ್ ಸ್ಟುಡಿಯೋದಿಂದ ಐಸ್ ಚೂರು ತರುತ್ತಿದ್ದನಲ್ಲ, ಮರದ ಹೊಟ್ಟು ಮೆತ್ತಿದ್ದು, ಚಿಂದಿ ಬಟ್ಟೆಯಲ್ಲಿ ಸುತ್ತಿ. ಎಲ್ಲರೂ ಶರಬತ್ತಿಗೆ ಹಾಕಿದರೆ ನೀನು ಕಟಕಟ ಅಗಿಯುತ್ತಿದ್ದೆ. ಅಗಿದು, ಆಮೇಲೆ ಕಂಬಳಿ ಹೊದ್ದು ಮಲಗುತ್ತಿದ್ದೆ! "ಅಣ್ಣೀ, ಉಂಗ ವೀಟ್ಟುಲ ಮಟ್ಟುಂ ಮಾರ್ಗಳಿಯಾ?" ಅಂತ ಅವನು ಕಿಟಕಿಯಿಂದಲೇ ಕೇಳುವನು. ಅತ್ತಿಗೆ, ನಿಮ್ಮ ಮನೆಯಲ್ಲಿ ಮಾತ್ರ ಮಾಗಿ ಚಳಿಯಾ ಅಂತ. ನೀನು ಒಳಗಿನಿಂದ, "ಆಮಾ, ಹೌದು, ಸ್ವೆಟರ್ ಹೊಲಿದು ಕೊಡು, ನಿನ್ನ ಟೈಲರಿಕೆ ನೋಡುವ" ಅನ್ನುತ್ತಿದ್ದೆ. ನೆನೆಸಿದ ಅಕ್ಕಿಯನ್ನೂ ರುಬ್ಬುತ್ತ ರುಬ್ಬುತ್ತ ಮುಕ್ಕುತ್ತಿದ್ದೆ. "ಅರ್ಧ ಇಡ್ಲಿ ಇವಳ ಹೊಟ್ಟೆಯಲ್ಲೇ ಬೇಯ್ತದೆ" ಅಂತ ಅಣ್ಣ. ನಾವೆಲ್ಲ ನಕ್ಕೆವು. ಅಷ್ಟು ನಗುವ ಮನೆಯಲ್ಲಿ ಒಬ್ಬರಾದರೂ ಯಾಕೆ ಅಂತ ಕೇಳಬಾರದಿತ್ತಾ?

ಆಮೇಲೆ ನೀನು ಬಸುರಿಯಾದೆ. ಎರಡು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುವೆ. ಪಾದ ಊದಿಕೊಂಡಿತ್ತು, ಊದಿದ ಪಾದವೂ ತಣ್ಣಗೇ. ಒಬ್ಬರು ವಾಯು ಅಂದರು, ಶುಂಠಿ ಕಷಾಯ ಕುಡಿಸಿದೆವು. ಇನ್ನೊಬ್ಬರು ಶೀತದ ಮೈ ಅಂದರು, ಕಾಸಿದ ಮರಳು ಬಟ್ಟೆಯಲ್ಲಿ ಕಟ್ಟಿ ಅಂಗಾಲಿಗೆ ಒತ್ತಿದೆ ನಾನು. "ಹಾಯ್ ಅನಿಸ್ತದೆ ಪುಟ್ಟಿ" ಅಂದೆ. ಮರಳು ಆರಿದ ಕೂಡಲೇ ಮತ್ತೆ ಹಾಗೇ. ಕೊನೆಗೆ ಉಸಿರು ಸಿಗದಾಗ ಆಸ್ಪತ್ರೆಗೆ ಒಯ್ದದ್ದು. ಡಾಕ್ಟರು ನಿನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಅಣ್ಣನ ಕಡೆ ತಿರುಗಿದರು. "ಮೈಯಲ್ಲಿ ರಕ್ತವೇ ಇಲ್ಲವಲ್ಲ. ಕೈ ಯಾವಾಗಿನಿಂದ ಹೀಗೆ ತಣ್ಣಗಿದೆ?"

ಅಣ್ಣ ಹೇಳಿದ, "ಅದು ಅವಳ ಕೈಗುಣ ಡಾಕ್ಟ್ರೆ. ಮೊದಲಿನಿಂದಲೂ ಹಾಗೇ."

ನಿನ್ನನ್ನೂ ಹೊಟ್ಟೆಯ ಕೂಸನ್ನೂ ಒಟ್ಟಿಗೇ ಕಳಿಸಿ ಬಂದೆವು. ಅಣ್ಣ ಈಗಲೂ ಬೇಸಿಗೆಯಲ್ಲಿ ಇಡ್ಲಿ ಹುಳಿಯಾದರೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋಗುತ್ತಾನೆ.

ಕನಸು ಬಿದ್ದ ದಿನವೇ ಶಾರದಾಳನ್ನು ಲೇಡಿ ಡಾಕ್ಟರ ಹತ್ತಿರ ಎಳಕೊಂಡು ಹೋದೆ. "ಸುಮ್ಮಾ ಇರು ಮಾ, ಎನಕ್ಕು ಒಣ್ಣುಂ ಇಲ್ಲೆ" ಅಂತ ದಾರಿಯುದ್ದ ಅವಳ ಗೊಣಗಾಟ, ತನಗೆ ಏನೂ ಆಗಿಲ್ಲವಂತೆ. ನಾನು ಡಾಕ್ಟರಮ್ಮನ ಮುಂದೆ ಕೂತದ್ದೇ ಹೃದಯವಾ, ನರವಾ, ವಾಯುವಾ ಅಂತ ಒಂದೇ ಉಸಿರಿನಲ್ಲಿ ಕೇಳಿದೆ. ಅವರು ನಿಧಾನಕ್ಕೆ ತಮಿಳಿನಲ್ಲಿ ತಿಳಿಸಿ ಹೇಳಿದರು. ಕೈಕಾಲು ತಣ್ಣಗಿರುವುದಕ್ಕೆ ಒಂದೇ ಕಾರಣ ಅಂತ ಇಲ್ಲವಂತೆ. ರಕ್ತ ಕಮ್ಮಿಯಾದರೆ ಆಗುತ್ತದೆ. ಗಂಟಲಿನ ಹತ್ತಿರ ಒಂದು ಗ್ರಂಥಿ ಇದೆಯಂತೆ, ಅದು ಮಂದವಾದರೂ ಆಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ರಕ್ತನಾಳ ಸಪೂರವಾಗಿ ಹಾಗಾಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಕಾಲಿನ ರಕ್ತ ಓಡಾಟ ಕೆಡಬಹುದು. ಕೆಲವರ ಮೈಯೇ ಹಾಗೆ, ತೊಂದರೆ ಏನೂ ಇರುವುದಿಲ್ಲ. "ಅದಕ್ಕೇ ಊಹೆ ಮಾಡಬಾರದು, ನೋಡಬೇಕು" ಅಂದರು. ಶಾರದಾಳ ರೆಪ್ಪೆ ಎಳೆದು ನೋಡಿದರು, ಬೆರಳು ಚುಚ್ಚಿ ರಕ್ತ ತೆಗೆದರು. ಆಮೇಲೆ ಕೇಳಿದರು, "ಐಸ್, ಹಸಿ ಅಕ್ಕಿ ತಿನ್ನುತ್ತಾಳಾ?"

ಅತ್ತಿಗೆ, ಆ ಮಾತು ಕೇಳಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ರಕ್ತ ಕಮ್ಮಿ ಇದ್ದವರಿಗೆ ಹಾಗೆ ಬಾಯಿ ಬೇಡುತ್ತದಂತೆ. ಮತ್ತೆ ಕೇಳಿದರು, "ತಿಂಗಳದ್ದು ಎಷ್ಟು ದಿನ ಇರ್ತದೆ?" ಶಾರದಾ ತಲೆ ತಗ್ಗಿಸಿ, ನಿಲ್ಲುವುದೇ ಇಲ್ಲ ಅಂದಳು. ನನಗೇ ಹೇಳಿರಲಿಲ್ಲ ಹುಡುಗಿ. ನೀನು ನಾಲ್ಕನೇ ದಿನಕ್ಕೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ಒರಳಿನ ಮುಂದೆ ಕೂರುತ್ತಿದ್ದೆಯಲ್ಲ, ಆಗ ನಿನಗೆ ನಿಂತಿರುತ್ತಿತ್ತಾ? ನಾಲ್ಕನೇ ದಿನಕ್ಕೆ ಸ್ನಾನ ಅಂತ ಲೆಕ್ಕ ಇತ್ತು. ನಿಂತಿತಾ ಅಂತ ಕೇಳುವವರು…

ಹೊರಡುವಾಗ ನನ್ನ ಕೈಯನ್ನೂ ತೋರಿಸಿದೆ. "ನನ್ನದೂ ತಣ್ಣಗಿದೆ ನೋಡಿ ಡಾಕ್ಟರಮ್ಮ." ನನ್ನದೂ ಪರೀಕ್ಷೆ ಮಾಡಿ ನಕ್ಕರು. "ನಿಮ್ಮ ರಕ್ತ ಚೆನ್ನಾಗಿದೆ. ನಿಮಗೆ ಇರೋದು ಭಯ. ಹೆದರಿದರೂ ಕೈ ತಣ್ಣಗಾಗುತ್ತದೆ." ಶಾರದಾ ಬಾಗಿಲಲ್ಲಿ, "ಅಪ್ಪೋ ಅಮ್ಮಾಗೆ ಹುಟ್ಟಿನಿಂದಲೇ ತಣ್ಣಗಿರಬೇಕು" ಅಂದಳು. ಹಾಗಾದರೆ ಅನ್ನುವುದಕ್ಕೆ ತಮಿಳಿನ ಅಪ್ಪೋ ಬಂತು, ಉಳಿದದ್ದು ಮೊದಲ ಸಲ ಕನ್ನಡದಲ್ಲಿ ಹೇಳಿದಳು, ಅದೂ ನನ್ನನ್ನು ಆಡಿಕೊಳ್ಳುವುದಕ್ಕೆ.

ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಮಲ ಕಪ್ಪಗೆ ಹೋದರೆ ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಆದರೂ ಹೆದರಿ ಮಾರನೇ ದಿನ ಓಡಿಹೋಗಿ ಬೈಸಿಕೊಂಡು ಬಂದೆ. ತಿಂಗಳದ್ದಕ್ಕೂ ಔಷಧ ನಡೀತಿದೆ. ನುಗ್ಗೆ ಸೊಪ್ಪು ಕಂಡರೆ ಮೂಗು ಮುರಿಯುತ್ತಾಳೆ, ನಾನು ಬಿಡುವುದಿಲ್ಲ. ಈಗ ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಉಗುರಿನಲ್ಲಿ ಸ್ವಲ್ಪ ಕೆಂಪು ಬಂದಿದೆ. ಡಾಕ್ಟರಮ್ಮನೂ ಗುಣ ಆಗ್ತಿದೆ ಅಂದರು. ಒಂದು ಮಾತು ಕೊಡುತ್ತೇನೆ ಅತ್ತಿಗೆ. ಈ ಮನೆಯಲ್ಲಿ ಇನ್ನು ಯಾರ ಕೈ ತಣ್ಣಗಿದ್ದರೂ ಮೊದಲು ಯಾಕೆ ಅಂತ ಕೇಳುತ್ತೇನೆ. ಹಿಟ್ಟು ಹುಳಿಯಾದರೆ ಆಗಲಿ.

ಆದರೂ ದಿನಾ ಬೆಳಿಗ್ಗೆ ಅವಳು ಏಳುವ ಮೊದಲು ಪಾದ ಮುಟ್ಟಿ ನೋಡುತ್ತೇನೆ. ನಿನ್ನೆ ಬೆಚ್ಚಗಿದೆ ಅನಿಸಿತು, ಎಡಗಾಲಿನ ಹೆಬ್ಬೆರಳೊಂದೇ ಅನುಮಾನ. ಆದರೆ ನನ್ನ ಕೈ ಹೆದರಿಕೆಗೆ ತಾನೇ ತಣ್ಣಗಿರುತ್ತದಲ್ಲ, ತಣ್ಣನೆ ಕೈಗೆ ಎಲ್ಲವೂ ಬೆಚ್ಚಗೇ ಅನಿಸುವುದಿಲ್ಲವಾ? ನೀನು ಹಣೆ ಮುಟ್ಟಿದಾಗೆಲ್ಲ "ಜ್ವರ ಉಂಟಲ್ಲ ಮಾರಾಯ್ತಿ" ಅನ್ನುತ್ತಿದ್ದೆ, ಇಲ್ಲದಿದ್ದಾಗಲೂ. ಅಲ್ಲಿ ನಿನ್ನ ಕೈ ಈಗಲಾದರೂ ಬೆಚ್ಚಗಾಗಿದೆಯಾ? ಆಗಿದ್ದರೆ ಇನ್ನೊಂದು ಸಲ ಬಾ. ಹಿಟ್ಟಿನ ಪಾತ್ರೆ ಬೇಡ, ಸುಮ್ಮನೆ ಬಾ. ನನ್ನ ಕೈಯನ್ನು ನಂಬಬೇಡ. ಅವಳ ಎಡಗಾಲಿನ ಹೆಬ್ಬೆರಳು, ಅದೊಂದನ್ನು ಮಾತ್ರ ನೀನೇ ಒಮ್ಮೆ ಮುಟ್ಟಿ ನೋಡಿ ಹೇಳು.

ನಿನ್ನ
ಪುಟ್ಟಿ