ಭಾವನ ಕೈಗುಣ

ಏಪ್ರಿಲ್ 3, ಬೆಳಿಗ್ಗೆ 6
ಮಾರಾಟದ ಅನ್ನದ ಪೊಟ್ಟಣ ನಲವತ್ತು ಕಟ್ಟಿ ಹಳೇ ಮೋರಿಸ್ ಕಾರಿನ ಡಿಕ್ಕಿಗೆ ತುಂಬಿದೆ. ಕೀಲಿ ತಿರುಗಿಸಿದೆ. ಬಾನೆಟ್ ಒಳಗೆ ಪೆಟ್ರೋಲ್ ಎಳೆಯುವ ಪಂಪ್ ಟಕ್ ಟಕ್ ಎನ್ನಬೇಕು — ಎನ್ನಲಿಲ್ಲ. ಮತ್ತೆ ಅಕ್ಕನ ಗಂಡ ಲಯನಲ್‌ನನ್ನೇ ಕರೆದೆ. ಪಂಪನ್ನು ಸ್ಪ್ಯಾನರಿನಿಂದ ಕುಟ್ಟಿದ. ಟಕ್ ಟಕ್.
"ನೋಡ್ದ್ಯಾ ತಂಗಿ? ಮೋರಿಸ್‌ಗೂ ಗೊತ್ತು, ಗಂಡಸಿನ ಕೈ ಯಾವ್ದು ಅಂತ."
ನಕ್ಕೆ. ನಗದಿದ್ದರೆ ನಾಳೆ ಕುಟ್ಟಲು ಬರುವುದಿಲ್ಲ.

ಏಪ್ರಿಲ್ 5
ಕುಲಿಯಾಪಿಟಿಯ ದಾರಿಯಲ್ಲಿ ಗಾಡಿ ನಿಂತೇ ಹೋಯಿತು. ಅನ್ನ ಹಳಸಿತು.
"ನಿನ್ ಕೈಲಿ ಓಡ್ಸೋಕಾಗಲ್ಲ ಮಗಳೇ, ಮಾರ್ಬಿಡೋಣ," ಎಂದಳು ಅಮ್ಮ. ಕೊಳ್ಳಲು ಲಯನಲ್ ಆಗಲೇ ಅಂಗಡಿ ಸಾಹುಕಾರ ಹೇರತ್ ಮುದಲಾಳಿಯನ್ನು ಗೊತ್ತು ಮಾಡಿದ್ದಾನೆ. ಸಿಂಹಳ ಹೊಸವರ್ಷ ಕಳೆದು, ಕೆಲಸ ಶುರುಮಾಡುವ ಶುಭಗಳಿಗೆಗೆ ಗಾಡಿ ಒಪ್ಪಿಸುವುದು — ಹದಿನೇಳಕ್ಕೆ, ಬೆಳಿಗ್ಗೆ 9.17.
ಗಾಡಿ ಹೋದರೆ ಪೊಟ್ಟಣ ತಲೆ ಮೇಲೆ ಹೊರಲೇ?

ಏಪ್ರಿಲ್ 8
ಬಲ್ಬಿಗೆ ಎರಡು ವೈರು ಕಟ್ಟಿ ಕೂತೆ. ಒಂದು ಪಂಪಿಗೆ ಬರುವ ವೈರಿಗೆ, ಒಂದು ಗಾಡಿಯ ಮೈಗೆ — ಉರಿಯಿತು. ಎರಡನೇ ವೈರನ್ನು ತೆಗೆದು ಪಂಪಿನ ಮೈಗಿಟ್ಟೆ — ಉರಿಯಲಿಲ್ಲ. ಕರೆಂಟ್ ಬರುತ್ತದೆ, ವಾಪಸ್ ಹೋಗಲು ದಾರಿಯಿಲ್ಲ.
"ಐದನೇ ಕ್ಲಾಸಿನವಳು ಇಂಜಿನಿಯರ್ ಆದ್ಲು!" ಲಯನಲ್.

ಏಪ್ರಿಲ್ 9
ಪಂಪ್ ಬಿಚ್ಚಿದೆ. ಅಡಿಯಲ್ಲಿ ಪೇಂಟ್, ಕರೆಂಟ್ ದಾಟದಷ್ಟು ದಪ್ಪಗೆ. ಹೋದ ವರ್ಷ ಬಳಿದವನು ಲಯನಲ್ಲೇ! ಕುಟ್ಟಿದಾಗ ಬೋಲ್ಟ್ ಅಲುಗಿ ಎಲ್ಲೋ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತದೆ. ಅಷ್ಟೇ ಕೈಗುಣ.
ಕೆರೆದೆ. ಟಕ್ ಟಕ್ ಟಕ್ — ಯಾರೂ ಮುಟ್ಟದೆ.
ಅಮ್ಮನಿಗೆ ಹೇಳಿದೆ. "ಒಳ್ಳೇದಾಯ್ತು. ಮುದಲಾಳಿಗೆ ಮಾತು ಕೊಟ್ಟಾಗಿದೆ."
ಸರಿಮಾಡಿ ನಾನೇ ಅದಕ್ಕೆ ಬೆಲೆ ತಂದೆ. ಥೂ.

ಏಪ್ರಿಲ್ 17, ಬೆಳಿಗ್ಗೆ 7
ಅನ್ನ ಕಟ್ಟುವ ಪ್ಲಾಸ್ಟಿಕ್ ಶೀಟು ಕತ್ತರಿಸಿ ಪಂಪಿನಡಿ ಇಟ್ಟೆ. ಬೋಲ್ಟಿಗೂ ಸುತ್ತಿದೆ. ಈಗ ಕುಟ್ಟಲಿ.

11 ಗಂಟೆ
ಎಣ್ಣೆದೀಪ ಹಚ್ಚಿದರು. 9.17ಕ್ಕೆ ಮುದಲಾಳಿ ಕೀಲಿ ತಿರುಗಿಸಿದ. ಮೌನ. ಲಯನಲ್ ಕುಟ್ಟಿದ. ಕುಟ್ಟಿದ. ಅಂಗಿ ಒದ್ದೆಯಾಯಿತು.
"ಏನಯ್ಯಾ, ಬಾಗಿಲು ತಟ್ತಿದ್ದೀಯಾ? ಒಳಗ್ಯಾರೂ ಇದ್ದ ಹಾಗಿಲ್ಲ," ಎಂದ ಮುದಲಾಳಿ.
9.20. ಮುದಲಾಳಿ ಇಳಿದ. "ಒಳ್ಳೇ ಗಳಿಗೇಲಿ ಉಸಿರಾಡದ ಗಾಡಿ ನಂಗೆ ಬೇಡ."
ಇಬ್ಬರೂ ಹೋದರು. ಅನ್ನ ಕಟ್ಟಿ ಡಿಕ್ಕಿಗೆ ತುಂಬಿ, ಶೀಟು ಕಿತ್ತೆ. ಕೀಲಿ ತಿರುಗಿಸಿದೆ. ಟಕ್ ಟಕ್ ಟಕ್.
ಗೇಟಿನಲ್ಲಿ ಲಯನಲ್! ಮರೆತ ಸ್ಪ್ಯಾನರಿಗೆ ಬಂದಿದ್ದ.
"ಯಾರೇ ಸರಿ ಮಾಡಿದ್ದು?"
"ನಿಮ್ ಕೈಗುಣನೇ ಭಾವ. ತಡವಾಗಿ ಹತ್ತಿದೆ."
ಮಾಡಿದ್ದು ನಾನೇ ಅಂತ ಹೇಳುತ್ತೇನೆಯೇ?
ಒಳಗೆ ಅಮ್ಮನಿಗೆ ಚಾಡಿ ಹೇಳುತ್ತಿದ್ದಾನೆ. ನಾನು ಸೀಟಿನಲ್ಲೇ ಕೂತು ಬರೆಯುತ್ತಿದ್ದೇನೆ. ಇಂಜಿನ್ ಓಡುತ್ತಿದೆ. ಪೊಟ್ಟಣ ಇನ್ನೂ ಬಿಸಿ.
ಮನೆ ಬಾಗಿಲು ತೆರೆಯಿತು. ಇಬ್ಬರೂ ಬರುತ್ತಿದ್ದಾರೆ. ಗೇರ್ ಹಾಕಿ ಹೊರಟೆ—