ದೊರೆಪ್ಪನ ಎಡೆ

೧೪ ನವೆಂಬರ್ ೨೦೨೪, ಗುರುವಾರ. ಹರಿಹರ.

ಕ್ಯಾಪ್ಟನ್ ಹಾಲ್ಡನ್‌ನ ಜೀವನಚರಿತ್ರೆ ಬರೆಯುವ ಕೆಲಸ ಇವತ್ತೂ ಮುಂದೆ ಹೋಗಲಿಲ್ಲ. ಸಂಜೆ, ಊರವರು ದೊರೆಪ್ಪ ಎನ್ನುವ ಆ ಬ್ರಿಟಿಷ್ ಅಧಿಕಾರಿಯ ಗೋರಿಯ ಹತ್ತಿರ ಹೋದಾಗ ಕೊಟ್ರವ್ವ ಬನ್ನು, ಬ್ರಾಂದಿ ಎಡೆ ಇಡುತ್ತಿದ್ದಳು. ಅವಳ ಮಗಳು ಹೆರಿಗೆಯಾಗದೆ ಎರಡು ದಿನದಿಂದ ದಾವಣಗೆರೆಯ ಆಸ್ಪತ್ರೆಯಲ್ಲಿ ನರಳುತ್ತಿದ್ದಾಳೆ.

“ಓದಿದೋರು ನೀವು. ಈ ದೊರೆಪ್ಪ ಹೆಂಗಿದ್ನಂತ್ರಿ?”

೧೮೫೮ರಲ್ಲಿ ಅವಳ ತವರೂರಿನ ಹನ್ನೊಂದು ಜನರನ್ನು ಅವನು ಹುಣಸೆಮರಕ್ಕೆ ನೇಣು ಹಾಕಿಸಿದ್ದ. ಹೆಣ ಇಳಿಸಲೂ ಬಿಟ್ಟಿರಲಿಲ್ಲ. ಅದಕ್ಕೇ ಬಡ್ತಿ ಸಿಕ್ಕಿತ್ತು. ಅದರ ಸರ್ಕಾರಿ ವರದಿಯ ಪ್ರತಿ ನನ್ನ ಜೇಬಿನಲ್ಲೇ ಇತ್ತು.

“ಒಳ್ಳೆ ಮನುಷ್ಯ ಅಂತವ್ವಾ,” ಎಂದೆ.

“ಮತ್ತೆ! ಕೆಟ್ಟೋನಾಗಿದ್ರೆ ನಮ್ ಹಿರೇರು ಎಡೆ ಇಡ್ತಿದ್ರೇನ್ರಿ?”

ಅವರು ಹೆದರಿ ಇಟ್ಟಿರಬೇಕು, ಸತ್ತವನು ಮತ್ತೆ ಏಳದಿರಲೆಂದು. ಅವಳು ಮುರಿದುಕೊಟ್ಟ ಬನ್ನನ್ನು ತಿಂದೆ.

ಆಸ್ಪತ್ರೆಯಿಂದ ಇನ್ನೂ ಸುದ್ದಿಯಿಲ್ಲ. ಗಂಡಾದರೆ ಕೊಟ್ರವ್ವ ದೊರೆಪ್ಪನ ಹೆಸರೇ ಇಡುತ್ತಾಳಂತೆ.